ಕರಡಿ ಏರಿದ್ದ ತಾತ, ಕಲ್ಲಂಗಡಿ ಹೆಚ್ಚಿದ ಮೊಮ್ಮಗಳು

ಪಿಲ್ಲಗುಂಪೆಯಲ್ಲಿ ಕಾರ್ಖಾನೆಗಳು ಏಳುವುದಕ್ಕೆ ಎಷ್ಟೋ ಮೊದಲಿನ ಮಾತು. ಸುಗ್ಗಿ ಮುಗಿದು ಕಣ ಖಾಲಿಯಾಯಿತೆಂದರೆ ಡಮರು ಬಡಿಯುತ್ತಾ ಕರಡಿ ಆಡಿಸುವವರು ಬರುತ್ತಿದ್ದರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಹಗ್ಗ. ಹಗ್ಗದ ಆ ತುದಿಗೆ ಕರಡಿ. ಊರಿನ ಹೈಕಳೆಲ್ಲ ಹಿಂದೆ ಹಿಂದೆ.

ರಾತ್ರಿ ಹೊತ್ತು ಬೆಚ್ಚಿ ಬೀಳುವ ಮಕ್ಕಳಿದ್ದರೆ ತಾಯಂದಿರು ಎತ್ತಿಕೊಂಡು ಬಂದು ಕರಡಿಯ ಬೆನ್ನ ಮೇಲೆ ಕೂರಿಸಿ ಒಂದು ಸುತ್ತು ಹಾಕಿಸುತ್ತಿದ್ದರು. ಭಯ ಬಿಡುತ್ತದೆ ಎಂಬ ನಂಬಿಕೆ. ಹತ್ತು ನಯಾಪೈಸೆ, ಒಂದು ಸೇರು ರಾಗಿ, ಮೇಲೊಂದು ಹಳೇ ಸೀರೆ ಕೊಟ್ಟರೆ ಕರಡಿಯ ನಾಲ್ಕು ಕೂದಲು ಕಿತ್ತು ತಾಯತಕ್ಕೂ ಕೊಡುತ್ತಿದ್ದರು.

ಹಾಗೆ ಕರಡಿ ಏರಿದ ಹುಡುಗರಲ್ಲಿ ಒಬ್ಬರು ಈಗ ಎಪ್ಪತ್ತು ದಾಟಿದ ತಾತ. ಮಗನದು ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ಚಿಲ್ಲರೆ ಅಂಗಡಿ. ಶಿಫ್ಟು ಬಿಡುವ ಹೊತ್ತಿಗೆ ಟೀ, ಬನ್ನು, ಬಾಳೆಹಣ್ಣು ಚೆನ್ನಾಗಿ ಓಡುತ್ತದೆ. ಸೊಸೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಹನ್ನೊಂದು ವರ್ಷದ ಮೊಮ್ಮಗಳು, ಎಂಟು ವರ್ಷದ ಮೊಮ್ಮಗ. ಇವರೆಲ್ಲರ ಜತೆಗೆ ಅಂಗಡಿಯ ಮುಂದೆ ತೂಗುಹಾಕಿದ ಪಂಜರದಲ್ಲಿ ಒಂದು ಗಿಣಿ. ಗಿರಾಕಿ ಬಂದರೆ 'ಬನ್ನಿ ಬನ್ನಿ' ಎನ್ನುತ್ತಿತ್ತು. ಅದರಿಂದಲೇ ವ್ಯಾಪಾರ ಎಂದು ನಗೆಯಾಡುವವರೂ ಇದ್ದರು.

ದಸರಾ ರಜೆಯಲ್ಲಿ ಎಲ್ಲಿಗಾದರೂ ಹೋಗೋಣ ಎಂದು ಮಕ್ಕಳು ಹಟ ಹಿಡಿದವು. ಹುಡುಗ ವಾಟರ್ ಪಾರ್ಕ್ ಅಂದ. ಹುಡುಗಿ ಮಾತ್ರ, "ಬನ್ನೇರುಘಟ್ಟದಲ್ಲಿ ಕರಡಿ ಆಸ್ಪತ್ರೆ ಐತಂತೆ, ಮೊದಲೇ ಕೇಳಿಕೊಂಡು ಹೋದ್ರೆ ಅವುಕ್ಕೆ ಊಟ ರೆಡಿ ಮಾಡಕ್ಕೆ ಬಿಡ್ತಾರಂತೆ, ನಮ್ ಮಿಸ್ ಹೇಳಿದ್ರು" ಅಂದಳು. ಕರಡಿ ಎಂದ ಕೂಡಲೇ ತಾತ ಪಂಚೆ ಸರಿಮಾಡಿಕೊಂಡು ಎದ್ದು ಕೂತರು.

"ನಾನೂ ಬತ್ತೀನಿ ಕಣಮ್ಮ. ನಾನು ಕರಡಿ ಮೇಲೆ ಕೂತಿದ್ದೋನು!"

ಮಾತು ಅಲ್ಲಿಗೆ ಇತ್ಯರ್ಥವಾಯಿತು. ವಾಟರ್ ಪಾರ್ಕ್ ಮುಂದಿನ ವರ್ಷಕ್ಕೆ ಹೋಯಿತು.

ಆರೂಕಾಲರ ಬಸ್ಸು

ಹೊರಟಿದ್ದು ಭಾನುವಾರ. ಜೈವಿಕ ಉದ್ಯಾನಕ್ಕೆ ಮಂಗಳವಾರ ರಜೆ, ಅದು ಎಷ್ಟೋ ಜನಕ್ಕೆ ಗೇಟಿನ ಮುಂದೆ ನಿಂತ ಮೇಲೆಯೇ ತಿಳಿಯುವುದು. ಇವರು ವಿಚಾರಿಸಿಕೊಂಡೇ ಹೊರಟಿದ್ದರು. ಹೊಸಕೋಟೆಗೆ ಬಂದು, ಅಲ್ಲಿಂದ ಮೆಜೆಸ್ಟಿಕ್, ಮೆಜೆಸ್ಟಿಕ್‌ನಲ್ಲಿ 365ನೇ ನಂಬರು. ಶಕ್ತಿ ಯೋಜನೆಯ ದೆಸೆಯಿಂದ ತಾಯಿ ಮಗಳಿಗೆ ಟಿಕೆಟ್ಟಿನ ಚಿಂತೆ ಇಲ್ಲ. ಬುತ್ತಿಯಲ್ಲಿ ಚಿತ್ರಾನ್ನ. ಹುಡುಗನ ಚೀಲದಲ್ಲಿ ಮಾತ್ರ ಅಪ್ಪನ ಅಂಗಡಿಯಿಂದ ಎತ್ತಿಕೊಂಡ ನಾಲ್ಕು ಬಿಸ್ಕತ್ ಪೊಟ್ಟಣ, ಕರಡಿಗೆ ಕೊಡಲಿಕ್ಕೆ.

ದಾರಿಯುದ್ದಕ್ಕೂ ತಾತನದೇ ಮಾತು. ಕರಡಿ ಎರಡು ಕಾಲಲ್ಲಿ ನಿಲ್ಲುತ್ತಿದ್ದದ್ದು, ಸಲಾಮು ಹೊಡೆಯುತ್ತಿದ್ದದ್ದು, ಕೋಲು ಎತ್ತಿದರೆ ಕುಣಿಯುತ್ತಿದ್ದದ್ದು. ಪಕ್ಕದ ಸೀಟಿನವರೂ ಕಿವಿಗೊಟ್ಟರು. ಅವರಲ್ಲಿ ಒಬ್ಬರು ಕೋಲಾರದ ಕಡೆಯವರು, ಅವರೂ ಕರಡಿ ಏರಿದ್ದವರೇ. ಇಬ್ಬರಿಗೂ ಒಂದೇ ಖುಷಿ.

ಮುಟ್ಟುವಂತಿಲ್ಲ, ಕೂಗುವಂತಿಲ್ಲ

ಬನ್ನೇರುಘಟ್ಟ 1974ರಿಂದ ರಾಷ್ಟ್ರೀಯ ಉದ್ಯಾನ. 2002ರಲ್ಲಿ ಮೃಗಾಲಯ, ಸಫಾರಿಗಳನ್ನು ಬೇರೆ ಮಾಡಿ ಜೈವಿಕ ಉದ್ಯಾನ ಎಂದು ಮಾಡಿದರು. ಸರ್ಕಸ್ಸಿನಿಂದ ಬಿಡಿಸಿ ತಂದ ಹುಲಿ ಸಿಂಹಗಳಿಗೆ ಇಲ್ಲಿ ಆಶ್ರಯ ಕೊಟ್ಟದ್ದುಂಟು. ಕುಣಿಯುವ ಕರಡಿಗಳಿಗೆಂದೇ ಇರುವ ಕೇಂದ್ರವನ್ನು ಅರಣ್ಯ ಇಲಾಖೆಯ ಜತೆಗೂಡಿ ನಡೆಸುತ್ತಿರುವುದು ವೈಲ್ಡ್‌ಲೈಫ್ ಎಸ್‌ಓಎಸ್ ಎಂಬ ಸಂಸ್ಥೆ. ಕಾರ್ತಿಕ್ ಸತ್ಯನಾರಾಯಣ್ ಮತ್ತು ಗೀತಾ ಶೇಷಮಣಿ ಇಬ್ಬರೂ ಸೇರಿ 1995ರಲ್ಲಿ ಕಟ್ಟಿದ್ದು. ಆಗ್ರಾದಲ್ಲಿ ಇವರ ಮೊದಲ ಕರಡಿ ಕೇಂದ್ರ, ಆಮೇಲೆ ನಮ್ಮ ಬನ್ನೇರುಘಟ್ಟದ್ದು.

ಸಫಾರಿ ಟಿಕೆಟ್ಟು ಕೊಂಡವರೆಲ್ಲ ನುಗ್ಗುವ ಜಾಗ ಅದಲ್ಲ. ಮೊದಲೇ ಕೇಳಿ, ಹೂಂ ಅನ್ನಿಸಿಕೊಂಡು ಹೋಗಬೇಕು. ಒಳಗೆ ಕಾಲಿಟ್ಟ ಕೂಡಲೇ ಮಕ್ಕಳಿಗೆ ಮೂರು ಮಾತು ಹೇಳಿದರು. ಕರಡಿಯನ್ನು ಮುಟ್ಟುವಂತಿಲ್ಲ. ಕೂಗುವಂತಿಲ್ಲ. ಚೀಲದಲ್ಲಿರುವ ತಿಂಡಿ ಯಾವುದನ್ನೂ ಎಸೆಯುವಂತಿಲ್ಲ.

ಹುಡುಗನ ಮುಖ ಸಪ್ಪಗಾಯಿತು. ಬಿಸ್ಕತ್ತಿನ ಚೀಲವನ್ನು ಅಮ್ಮನ ಕೈಗಿತ್ತ.

ಸಪ್ಪಗಾಗಲು ಪುರುಸೊತ್ತು ಎಲ್ಲಿತ್ತು? ಸೋಪು ಹಾಕಿ ಕೈ ತೊಳೆಸಿ ಇಬ್ಬರನ್ನೂ ಅಡುಗೆ ಜಾಗಕ್ಕೆ ಕರೆದೊಯ್ದರು. ಮದುವೆಮನೆಯಲ್ಲಿ ಇರುವಂಥ ಪಾತ್ರೆ, ಅದರಲ್ಲಿ ಧಾನ್ಯದ ಗಂಜಿ. ಒಂದು ಮೂಲೆಯಲ್ಲಿ ಕಲ್ಲಂಗಡಿ ರಾಶಿ, ಪರಂಗಿ, ಬಾಳೆ. ಹುಡುಗಿ ಕಲ್ಲಂಗಡಿ ಹೆಚ್ಚಿದಳು. ಅಂಗಡಿಯಲ್ಲಿ ಹೆಚ್ಚಿ ಅಭ್ಯಾಸವಿದ್ದ ಕೈ, ಸಲೀಸಾಗಿ ಓಡಿತು. ಹುಡುಗನಿಗೆ ಬೇರೆ ಕೆಲಸ. ಮರದ ದಿಮ್ಮಿಗಳಿಗೆ ತೂತು ಕೊರೆದು ಇಟ್ಟಿರುತ್ತಾರೆ. ಆ ತೂತಿನೊಳಕ್ಕೆ ಜೇನುತುಪ್ಪ ಸವರಬೇಕು, ಖರ್ಜೂರ ತುರುಕಬೇಕು.

"ತಟ್ಟೇಲಿ ಹಾಕಿಕೊಟ್ರೆ ಆಗಲ್ವಾ ಅಂಕಲ್?" ಎಂದು ಹುಡುಗ ಕೇಳಿದ.

ಅದಕ್ಕೆ ಸಿಕ್ಕ ಉತ್ತರ ದೊಡ್ಡವರೂ ಕೇಳಬೇಕಾದದ್ದು. ಕಾಡಿನಲ್ಲಿ ಕರಡಿ ದಿನವೆಲ್ಲ ಅಲೆದು, ಗೆದ್ದಲ ಹುತ್ತ ಬಗೆದು, ಜೇನು ಹುಡುಕಿ ಹೊಟ್ಟೆ ಹೊರೆಯುವ ಪ್ರಾಣಿ. ಅದರ ಮೇಲ್ದವಡೆಯಲ್ಲಿ ನಡುವಿನ ಎರಡು ಹಲ್ಲು ಹುಟ್ಟಿನಿಂದಲೇ ಇರುವುದಿಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಸೊರ್ರನೆ ಹೀರಿಕೊಳ್ಳುತ್ತದೆ. ಸದ್ದು ದೂರಕ್ಕೆ ಕೇಳಿಸುತ್ತದೆ. ಅಂಥ ಪ್ರಾಣಿಗೆ ತಟ್ಟೆಯಲ್ಲಿ ಸುರಿದು ಕೊಟ್ಟರೆ ಐದು ನಿಮಿಷಕ್ಕೆ ಊಟ ಮುಗಿಯುತ್ತದೆ. ಮಿಕ್ಕ ದಿನವೆಲ್ಲ ಏನು ಮಾಡಬೇಕು? ವರ್ಷಗಟ್ಟಲೆ ಹಗ್ಗದಲ್ಲಿದ್ದ ಕರಡಿಗಳು ಬಿಡಿಸಿ ತಂದ ಮೇಲೂ ನಿಂತಲ್ಲೇ ತಲೆ ಅಲ್ಲಾಡಿಸುತ್ತಾ ತೂಗುತ್ತಿದ್ದವಂತೆ. ಹುಡುಕುವ ಕೆಲಸ ಕೊಟ್ಟರೆ ತೂಗುವುದು ಕಮ್ಮಿಯಾಗುತ್ತದೆ. ದಿಮ್ಮಿ, ಜೇನು ಇವೆಲ್ಲ ಅದಕ್ಕಾಗಿ.

ಆಮೇಲೆ ಹುಡುಗ ಮಾತಾಡಲಿಲ್ಲ. ತೂತಿನ ತಳದವರೆಗೂ ಬೆರಳು ಹಾಕಿ ಜೇನು ಸವರಿದ.

ಮೂಗಿನ ಮೇಲಿನ ಕಲೆ

ಕರಡಿಗಳನ್ನು ಒಳಮನೆಗೆ ಸೇರಿಸಿ, ಬಾಗಿಲು ಹಾಕಿ, ಸಿಬ್ಬಂದಿಯೇ ದಿಮ್ಮಿಗಳನ್ನು ಆವರಣದಲ್ಲಿ ಇಟ್ಟು ಬಂದರು. ಮಕ್ಕಳೂ ತಾತನೂ ಬೇಲಿಯಾಚೆ ದೂರದಲ್ಲಿ ನಿಂತರು. ಬಾಗಿಲು ತೆರೆಯಿತು.

ಮೊದಲು ಬಂದದ್ದು ಒಂದು ಮುದಿ ಕರಡಿ. ಕಪ್ಪು ಜೂಲು, ಎದೆಯ ಮೇಲೆ ಬಿಳಿ ಪಟ್ಟಿ. ಗಾಳಿಯಲ್ಲಿ ಮೂಗೆತ್ತಿ ವಾಸನೆ ಹಿಡಿದು ನೇರ ದಿಮ್ಮಿಯ ಹತ್ತಿರ ಹೋಯಿತು. ಉಗುರು ಹಾಕಿ ಕೆರೆಯಿತು, ಸೊರ್ರೆಂದು ಹೀರಿತು. "ಅದು ನಂದು! ನಾನು ತುಂಬಿದ್ದು!" ಎಂದು ಹುಡುಗ ಪಿಸುಗುಟ್ಟಿದ. ಕೂಗಬಾರದೆಂಬುದು ಮರೆತಿರಲಿಲ್ಲ.

ಕರಡಿ ತಲೆ ಎತ್ತಿದಾಗ ಮೂತಿಯ ಮೇಲಿನ ಕಲೆ ಕಾಣಿಸಿತು. ಹುಡುಗಿ ಕೇಳಿದಳು, "ಅದೇನು ಗಾಯ?"

ಹೇಳಿದರು. ಕರಡಿ ಆಡಿಸುವ ಕಸುಬು ಶುರುವಾಗುವುದೇ ಕಾಡಿನಲ್ಲಿ. ಮರಿ ಬೇಕೆಂದರೆ ತಾಯಿಯನ್ನು ಕೊಲ್ಲಬೇಕು. ತಾಯಿಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ, ಜೀವ ಇರುವ ತನಕ ಬಿಟ್ಟುಕೊಡುವುದಿಲ್ಲ. ಹಾಗೆ ತಂದ ಮರಿಯ ಮೂತಿಗೆ ಕಾಯಿಸಿದ ಕಬ್ಬಿಣದ ಸೂಜಿ ಚುಚ್ಚಿ ಹಗ್ಗ ತೂರಿಸುತ್ತಿದ್ದರು. ಅರಿವಳಿಕೆ ಇಲ್ಲ, ಮದ್ದಿಲ್ಲ. ಹಲ್ಲು ಮುರಿಯುತ್ತಿದ್ದರು, ಉಗುರು ಕತ್ತರಿಸುತ್ತಿದ್ದರು. ಹಗ್ಗ ಎಳೆದರೆ ನೋವು. ನೋವು ತಪ್ಪಿಸಿಕೊಳ್ಳಲು ಎರಡು ಕಾಲಲ್ಲಿ ಎದ್ದು ನಿಲ್ಲಬೇಕು. ಊರವರ ಕಣ್ಣಿಗೆ ಅದು ಕುಣಿತ.

ತಾತ ಬೇಲಿಯನ್ನೇ ನೋಡುತ್ತಾ ನಿಂತಿದ್ದರು. ದಾರಿಯುದ್ದಕ್ಕೂ ಮಾತಾಡಿದವರು ಈಗ ಸುಮ್ಮನಿದ್ದರು. ಬಹಳ ಹೊತ್ತಿನ ಮೇಲೆ ಅವರು ಹೇಳಿದ್ದು ಇಷ್ಟೇ:

"ಹಗ್ಗ ಇತ್ತು ಅಂತ ಗೊತ್ತಿತ್ತು. ಎಲ್ಲಿಂದ ತೂರಿಸವ್ರೆ ಅಂತ ನೋಡಿರಲಿಲ್ಲ."

ಮೊಮ್ಮಗಳು ಅವರ ಕೈ ಹಿಡಿದುಕೊಂಡಳು. "ನಿಂಗೆ ಆಗ ಐದು ವರ್ಷ ಅಲ್ವಾ ತಾತ" ಎಂದಳು. "ಆಗ ಐದು ವರ್ಷ ಕಣಮ್ಮ. ಆಮೇಲೂ ಎಷ್ಟೋ ಸಲ ಬಂದಿತ್ತು. ನಿಮ್ಮಪ್ಪನ್ನೂ ನಾನೇ ಕೂರಿಸಿದ್ದೆ" ಎಂದರು ತಾತ.

ಆಡಿಸುತ್ತಿದ್ದವರ ಪಾಡು

ಇಲ್ಲಿ ಒಂದು ಮಾತು ಹೇಳಲೇಬೇಕು. ಕರಡಿ ಆಡಿಸುತ್ತಿದ್ದವರನ್ನು ರಾಕ್ಷಸರೆಂದು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಅವರಲ್ಲಿ ಹೆಚ್ಚಿನವರು ಕಲಂದರ್ ಸಮುದಾಯದ ಬಡವರು. ತಾತ ಮುತ್ತಾತಂದಿರಿಂದ ಬಂದ ಕಸುಬು, ಬೇರೆ ಕೆಲಸ ಗೊತ್ತಿಲ್ಲ, ಕೈಯಲ್ಲಿ ಜಮೀನಿಲ್ಲ. ಕಾಸು ಹಾಕಿದವರು ಯಾರು? ಊರಿನ ನಾವು ನೀವೇ.

ಕಾನೂನಿಗೇನೂ ಕೊರತೆ ಇರಲಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಪಳಗಿಸಬಾರದೆಂದು ಕೇಂದ್ರ ಸರ್ಕಾರ ಆದೇಶ ಹೊರಡಿಸಿದ್ದು 1998ರಲ್ಲಿ. ಸರ್ಕಸ್ಸಿನವರು ಕೋರ್ಟಿಗೆ ಹೋದರು. 2001ರಲ್ಲಿ ಸುಪ್ರೀಂ ಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಆದರೂ ರಸ್ತೆಯಲ್ಲಿ ಕರಡಿ ಕುಣಿಯುತ್ತಲೇ ಇತ್ತು. ಪೊಲೀಸರು ಹಿಡಿದರೆ ಕರಡಿಯನ್ನು ಇಡುವುದೆಲ್ಲಿ? ಆ ಮನುಷ್ಯನ ಹೆಂಡತಿ ಮಕ್ಕಳಿಗೆ ಅನ್ನ ಹಾಕುವವರಾರು? ಈ ಎರಡು ಪ್ರಶ್ನೆಗೆ ಉತ್ತರ ಸಿಗುವ ತನಕ ಕಾನೂನು ಕಾಗದದಲ್ಲೇ ಇತ್ತು.

ಉತ್ತರ ಸಿಕ್ಕಿದ್ದು ಕೊಡು ಕೊಳ್ಳುವ ಲೆಕ್ಕದಲ್ಲಿ. ಕರಡಿಯನ್ನು ಒಪ್ಪಿಸಿದವರಿಗೆ ಬೇರೆ ಕಸುಬು ಹೂಡಲು ಬಂಡವಾಳ. ಮಕ್ಕಳಿಗೆ ಶಾಲೆ, ಹೆಂಗಸರಿಗೆ ಕೈಕೆಲಸ. ಮತ್ತೆ ಕರಡಿ ಹಿಡಿಯುವುದಿಲ್ಲವೆಂದು ಅವರಿಂದ ಬರಹ. ಹಾಗೆ ಡಮರು ಕೆಳಗಿಟ್ಟವರಲ್ಲಿ ಕೆಲವರು ಆಟೋ ಓಡಿಸಿದರು, ಕೆಲವರು ಸಣ್ಣಪುಟ್ಟ ಅಂಗಡಿ ಇಟ್ಟರು. ದೇಶದಲ್ಲಿ 600ಕ್ಕೂ ಹೆಚ್ಚು ಕರಡಿಗಳು ಹೀಗೆ ಹಗ್ಗ ಕಳಚಿಕೊಂಡವು.

ಕೊನೆಯದೆಂದು ಲೆಕ್ಕಕ್ಕೆ ಬಂದ ಕರಡಿಯ ಹೆಸರು ರಾಜು. 2009ರ ಡಿಸೆಂಬರಿನಲ್ಲಿ ಅದು ಬಂದು ಸೇರಿದ್ದು ಇದೇ ಬನ್ನೇರುಘಟ್ಟಕ್ಕೆ. ನೂರಾರು ವರ್ಷದ ಆಟ ನಮ್ಮ ಬೆಂಗಳೂರಿನ ಮಗ್ಗುಲಲ್ಲೇ ಮುಗಿಯಿತೆನ್ನುವುದು ಎಷ್ಟು ಜನಕ್ಕೆ ಗೊತ್ತು?

ಬಿಡಿಸಿದ ಕರಡಿಗಳನ್ನು ಕಾಡಿಗೇಕೆ ಬಿಡಬಾರದೆಂದು ಕೇಳುವವರುಂಟು. ಹುಡುಗಿಯೂ ಕೇಳಿದಳು. ಹಲ್ಲಿಲ್ಲದ, ಉಗುರು ಕಳೆದುಕೊಂಡ, ಹುಡುಕಿ ತಿನ್ನುವುದನ್ನು ತಾಯಿಯಿಂದ ಕಲಿಯದ ಕರಡಿ ಕಾಡಿನಲ್ಲಿ ಬದುಕಲಾರದು. ಮನುಷ್ಯರ ಸಹವಾಸದಲ್ಲಿ ಕ್ಷಯ ಅಂಟಿಸಿಕೊಂಡು ಬಂದವೂ ಇದ್ದವು. ಅದನ್ನು ಕಾಡಿನ ಕರಡಿಗಳಿಗೆ ಹರಡಬಾರದು. ಆದ್ದರಿಂದ ಉಳಿದ ಆಯುಸ್ಸೆಲ್ಲ ಆವರಣದಲ್ಲೇ. ಕಾಡಿನಲ್ಲೇ ಹುಟ್ಟಿ ಬೆಳೆದ ಕರಡಿಗಳ ಕಥೆ ಬೇರೆ. ಅವುಗಳಿಗೆ 1994ರಲ್ಲಿ ಹಂಪಿಯ ಹತ್ತಿರ ದರೋಜಿ ಕರಡಿಧಾಮವಾಯಿತು. ರಾಮನಗರ, ತುಮಕೂರಿನ ಗುಡ್ಡಗಳಲ್ಲೂ ಕರಡಿಗಳಿವೆ.

ಅಂಗಡಿಯ ಗಿಣಿ

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಹುಡುಗಿ ಅಪ್ಪನನ್ನು ಒಂದೇ ಪ್ರಶ್ನೆ ಕೇಳಿದಳು.

"ಅಪ್ಪಾ, ನಮ್ ಗಿಣಿ ಪಂಜರದಲ್ಲಿ ಆ ಕಡೆ ಈ ಕಡೆ ತೂಗಾಡ್ತದಲ್ಲ, ಅದು ಕುಣಿಯೋದಾ?"

ಅಪ್ಪನಿಗೆ ಉತ್ತರ ಹೊಳೆಯಲಿಲ್ಲ. ಕಂಡಕ್ಟರ್ ಬಂದದ್ದು ಒಳ್ಳೆಯದಾಯಿತೆಂದು ಟಿಕೆಟ್ಟಿನ ಚಿಲ್ಲರೆ ಎಣಿಸತೊಡಗಿದರು.

ಆ ಗಿಣಿ ಅಂಗಡಿಗೆ ಬಂದ ಬಗೆಯೂ ಸಾಮಾನ್ಯವೇ. ಯಾರೋ ಚೀಲದಲ್ಲಿ ತಂದರು, ಇವರು ಮೂರು ಕಾಸು ಕೊಟ್ಟು ಇಟ್ಟುಕೊಂಡರು. ಪೇಟೆಯಲ್ಲಿ ಹತ್ತು ಅಂಗಡಿ ನೋಡಿದರೆ ಎಲ್ಲೋ ಒಂದರಲ್ಲಾದರೂ ಇಂಥ ಹಸಿರು ಗಿಣಿ ಕಾಣುತ್ತದೆ. ಶಾಸ್ತ್ರ ಹೇಳುವವನ ಪೆಟ್ಟಿಗೆಯಲ್ಲೂ ಕಾಣುತ್ತದೆ. ಸಾಕುಪ್ರಾಣಿ ಎಂದೇ ಎಲ್ಲರ ಎಣಿಕೆ. ಅದು ತಪ್ಪು. ನಮ್ಮ ಹೊಲ ತೋಪುಗಳ ಗಿಣಿ ಕಾಯ್ದೆಯ ಲೆಕ್ಕದಲ್ಲಿ ವನ್ಯಜೀವಿ. ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿ ಇಡುವುದು ಎಲ್ಲವೂ ಅಪರಾಧ. ಕಾಯ್ದೆಗೆ ತಂದ ತಿದ್ದುಪಡಿ 2023ರಲ್ಲಿ ಜಾರಿಗೆ ಬಂದ ಮೇಲೆ 3 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಒಂದು ಗಿಣಿಯ 'ಬನ್ನಿ ಬನ್ನಿ'ಗೆ ಇದು ಸ್ವಲ್ಪ ದುಬಾರಿ.

ಹಾಗೆಂದು ಪಂಜರದ ಬಾಗಿಲು ತೆಗೆದು 'ಹೋಗಮ್ಮ' ಎಂದರೂ ಪುಣ್ಯ ಬರುವುದಿಲ್ಲ. ರೆಕ್ಕೆ ಕತ್ತರಿಸಿರುತ್ತಾರೆ, ಇಲ್ಲವೆ ಹಾರಿ ಅಭ್ಯಾಸವಿರುವುದಿಲ್ಲ. ಹತ್ತು ಮಾರು ಹೋಗುವುದರೊಳಗೆ ಬೆಕ್ಕೋ ಕಾಗೆಯೋ ಮುಗಿಸುತ್ತದೆ. ತಿಳಿದವರ ಕೈಗೆ ಒಪ್ಪಿಸಬೇಕು.

ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಗಿರಾಕಿಗಳು ಕೇಳುತ್ತಾರೆ ಎಂದು ಅಪ್ಪ. ಕೇಸು ಗೀಸು ಆದರೇನು ಗತಿ ಎಂದು ಅಮ್ಮ. ಕೊನೆಗೆ ಬಾಯಿ ಬಿಟ್ಟವರು ತಾತ. "ನಾನು ಕರಡಿ ಹಗ್ಗ ಎಲ್ಲಿಂದ ಬಂತು ಅಂತ ನೋಡಲಿಲ್ಲ. ನೀನು ಗಿಣಿ ಎಲ್ಲಿಂದ ಬಂತು ಅಂತ ಕೇಳಲಿಲ್ಲ. ಇವಳು ಕೇಳ್ತಾವ್ಳೆ. ಏನು ಹೇಳ್ತೀಯಪ್ಪಾ?"

ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನು ಹೋಯಿತು.

ಮಕ್ಕಳನ್ನು ಕರೆದೊಯ್ಯುವವರ ಗಮನಕ್ಕೆ

ಇಂಥ ಕಡೆಗೆ ಮಕ್ಕಳನ್ನು ಕರೆದೊಯ್ಯಬೇಕೆನ್ನುವವರು ಕೆಲವು ಸಂಗತಿ ತಿಳಿದಿರಬೇಕು. ಮೊದಲೇ ಅನುಮತಿ ಕೇಳಬೇಕು. ಎಷ್ಟು ವಯಸ್ಸಿನ ಮಕ್ಕಳನ್ನು ಬಿಡುತ್ತಾರೆ, ಏನು ಕೆಲಸ ಕೊಡುತ್ತಾರೆ ಎಂದೂ ಆಗಲೇ ವಿಚಾರಿಸಿಕೊಳ್ಳಬೇಕು. ಮರಿ ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳಲು ಬಿಡುವ ಜಾಗವೆಂದರೆ ಅನುಮಾನ ಪಡಬೇಕು. ನಿಜವಾದ ಆರೈಕೆಯ ಜಾಗದಲ್ಲಿ ಮಕ್ಕಳಿಗೆ ಸಿಗುವ ಕೆಲಸ ಹಣ್ಣು ಹೆಚ್ಚುವುದು, ಪಾತ್ರೆ ತೊಳೆಯುವುದು, ಸೊಪ್ಪು ಆರಿಸುವುದು ಇಷ್ಟೇ. ಪ್ರಾಣಿ ದೂರ, ಕೆಲಸ ಹತ್ತಿರ.

ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ. ಊರೊಳಗೆ ಗಾಯಗೊಂಡ ಹದ್ದು, ಗೂಬೆ, ಕೋತಿ, ಹಾವುಗಳಿಗೆ ಅಲ್ಲಿ ಚಿಕಿತ್ಸೆ. ಗಾಳಿಪಟದ ಮಾಂಜಾ ದಾರ ರೆಕ್ಕೆಗೆ ಸುತ್ತಿಕೊಂಡ ಹಕ್ಕಿಗಳು ಇಂಥ ಆಸ್ಪತ್ರೆಗಳಿಗೆ ಬರುವುದು ಮಾಮೂಲು. ನೈಲಾನ್ ದಾರದ, ಗಾಜಿನ ಪುಡಿ ಹಚ್ಚಿದ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಆಷಾಢದ ಗಾಳಿ ಏಳುತ್ತಿದ್ದಂತೆ ಅದೇ ದಾರದ ಉಂಡೆಗಳನ್ನು ತಂದು ತೂಗುಹಾಕುವ ಅಂಗಡಿಯವರು ಇದನ್ನು ಮನಸ್ಸಿನಲ್ಲಿಡಬೇಕು. ಹತ್ತಿ ದಾರ ಮಾರಿದರೂ ಗಾಳಿಪಟ ಹಾರುತ್ತದೆ. ಹೊಸಕೋಟೆ ಕೆರೆಯ ಮೇಲೆ ಹಾರುವ ಹಕ್ಕಿಗಳೂ ಉಳಿಯುತ್ತವೆ.

ಅಷ್ಟು ದೂರ ಹೋಗಲಾರದವರಿಗೆ ರಾಜ್ಯದ ಮೃಗಾಲಯಗಳಲ್ಲಿ ಪ್ರಾಣಿ ದತ್ತು ಯೋಜನೆ ಉಂಟು. ಇಂತಿಷ್ಟು ಹಣ ಕಟ್ಟಿದರೆ ಒಂದು ಪ್ರಾಣಿಯ ಊಟದ ಖರ್ಚಿಗೆ ಪಾಲುದಾರರಾಗಬಹುದು. ಹಕ್ಕಿಗಳಿಗಾದರೆ ಆನೆಯಷ್ಟು ಖರ್ಚಿಲ್ಲ. ಹುಟ್ಟುಹಬ್ಬದ ಕೇಕಿನ ಬದಲು ಇದನ್ನು ಮಾಡಿದವರುಂಟು.

ಪಿಲ್ಲಗುಂಪೆಯ ಅಂಗಡಿಯಲ್ಲಿ ಗಿರಾಕಿಗಳು ಈಗಲೂ ಕೇಳುತ್ತಾರೆ, "ಎಲ್ಲಣ್ಣಾ ನಿಮ್ ಗಿಣಿ?" ಅಂಗಡಿಯವರು ಮಗಳ ಕಡೆ ಬೊಟ್ಟು ಮಾಡುತ್ತಾರೆ. ಅವಳು ಕಲ್ಲಂಗಡಿಯಿಂದ ಶುರುಮಾಡಿ ಕರಡಿಯ ಮೂಗಿನವರೆಗೆ ಪೂರ್ತಿ ಹೇಳುತ್ತಾಳೆ. ಟೀ ಆರುವವರೆಗೂ ಜನ ನಿಂತು ಕೇಳುತ್ತಾರೆ. ವ್ಯಾಪಾರಕ್ಕೇನೂ ಧಕ್ಕೆಯಾಗಿಲ್ಲ.

ಪಂಜರ ಅಲ್ಲೇ ತೂಗುತ್ತಿದೆ. ಅದರೊಳಗೆ ಈಗ ಬೆಳ್ಳುಳ್ಳಿ ತುಂಬಿದ್ದಾರೆ.